ಅಕ್ಷರ ತೊಳೆಯುವ ಪೇಟೆ

ಬೆಂಗಳೂರಿನ ಹಳೆಯ ಪೇಟೆಗಳ ಹೆಸರು ಕೇಳಿದರೆ ಸಾಕು, ಅಲ್ಲಿ ಏನು ಸಿಗುತ್ತಿತ್ತೆಂಬುದು ತಾನಾಗಿಯೇ ತಿಳಿಯುತ್ತದೆ. ಅಕ್ಕಿಪೇಟೆಯಲ್ಲಿ ಅಕ್ಕಿ, ಬಳೇಪೇಟೆಯಲ್ಲಿ ಬಳೆ, ಅರಳೆಪೇಟೆಯಲ್ಲಿ ಹತ್ತಿ. ಸುಲ್ತಾನ್‌ಪೇಟೆಯ ಹೆಸರು ಮಾತ್ರ ಈ ವಿಷಯದಲ್ಲಿ ಗುಟ್ಟು ಬಿಡುವುದಿಲ್ಲ. ಅಲ್ಲಿ ಸಿಗುವುದು ಮದುವೆಯ ಲಗ್ನಪತ್ರಿಕೆ!

ಮೆಜೆಸ್ಟಿಕ್ ಕಡೆಯಿಂದ ಜನಜಂಗುಳಿಯ ನಡುವೆ ದಾರಿ ಬಿಡಿಸಿಕೊಂಡು ನಡೆದೇ ಬರಬಹುದು. ನಡೆಯಲಾರದವರಿಗೆ 2017ರಿಂದ ನೆಲದಡಿಯ ಮೆಟ್ರೊ ರೈಲು ಇದೆ. ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿ ಬಂದರೆ ಮತ್ತೆ ಅದೇ ಹಳೆಯ ಲೋಕ. ಕೈಗಾಡಿ, ಆಟೊ, ತಲೆಯ ಮೇಲೆ ಕಾಗದದ ರೀಮು ಹೊತ್ತ ಹಮಾಲಿ, ‘ಸೈಡ್, ಸೈಡ್’ ಎಂಬ ಕೂಗು. ಸುಲ್ತಾನ್‌ಪೇಟೆಯ ಬೀದಿಗೆ ತಿರುಗಿದೊಡನೆ ಗಾಳಿಯಲ್ಲಿ ಹೊಸ ಕಾಗದದ ವಾಸನೆ, ಜೊತೆಗೆ ಮಸಿಯ ಘಾಟು. ಅಂಗಡಿಯೊಳಗೆ ನೆಲದಿಂದ ಚಾವಣಿಯವರೆಗೂ ಪತ್ರಿಕೆಗಳ ಕಟ್ಟುಗಳು. ಬಂಗಾರದ ಗಣಪತಿ, ಬಾಳೆಕಂಬ, ಕಳಶ, ವಾಲಗದವರು, ಪಲ್ಲಕ್ಕಿ ಎಲ್ಲವೂ ಮೊದಲೇ ಅಚ್ಚಾಗಿ ಸಿದ್ಧವಾಗಿರುತ್ತವೆ. ಹುಡುಗ, ಹುಡುಗಿಯ ಹೆಸರು ಬರಬೇಕಾದ ಜಾಗ ಮಾತ್ರ ಖಾಲಿ.

ಬೀಗರಿಬ್ಬರೂ ಕುಳಿತು, ನಾಲ್ಕಾರು ಆಲ್ಬಂ ತಿರುವಿ, ಚೌಕಾಸಿ ಮಾಡಿ, ಕೊನೆಗೆ ಮೊದಲು ನೋಡಿದ್ದನ್ನೇ ಆರಿಸಿ ಎದ್ದು ಹೋಗುವ ದೃಶ್ಯ ಇಲ್ಲಿ ನಿತ್ಯದ್ದು. ಆದರೆ ಪೇಟೆಗೆ ಬಂದವರು ಸಾಮಾನ್ಯವಾಗಿ ನೋಡದ ಇನ್ನೊಂದು ಲೋಕವಿದೆ. ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಎಂಟಡಿ, ಹತ್ತಡಿಯ ಕೋಣೆ. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು, ಗೋಡೆಗೆ ಒರಗಿಸಿದ ಮರದ ಚೌಕಟ್ಟುಗಳು. ಜನ ತಂದುಕೊಟ್ಟ ಹಾಳಾದ ಚಿತ್ರ, ಅಳಿಸಿದ ಅಕ್ಷರಗಳನ್ನು ಅಚ್ಚಿಗೆ ಯೋಗ್ಯವಾಗುವಂತೆ ತೊಳೆದುಕೊಡುವುದು ಇಂಥ ಕೋಣೆಗಳ ಕೆಲಸ.

<b>ಮೊಬೈಲಿನಲ್ಲಿ ಬಂದ ಗಣಪತಿ</b>

ಗಿರಾಕಿಗಳು ತರುವ ಮೂಲಪ್ರತಿಗಳನ್ನು ನೋಡಿದರೆ ನಗು ಬರುತ್ತದೆ, ಮರುಕವೂ ಆಗುತ್ತದೆ. ಒಬ್ಬರು ತಮ್ಮ ಅಣ್ಣನ ಮದುವೆಯ ಪತ್ರಿಕೆ ತರುತ್ತಾರೆ. ಅದರ ಮೂಲೆಗೆ ಹಚ್ಚಿದ ಅರಿಶಿನ ಅರ್ಧ ಪತ್ರಿಕೆಗೆ ಹರಡಿರುತ್ತದೆ. ಇನ್ನೊಬ್ಬರು ಸಹಕಾರ ಸಂಘದ ಲಾಂಛನ ಬೇಕೆಂದು ರಬ್ಬರ್ ಸ್ಟ್ಯಾಂಪಿನ ಗುರುತು ಇರುವ ರಸೀದಿ ಕೊಡುತ್ತಾರೆ. ಈಗಂತೂ ಹೆಚ್ಚಿನವರು ಬರಿಗೈಯಲ್ಲೇ ಬರುತ್ತಾರೆ. ‘ವಾಟ್ಸಾಪ್ ಮಾಡಿದೀನಿ, ನೋಡಿ’ ಎಂದರೆ ಮುಗಿಯಿತು.

ಮೊಬೈಲಿನಲ್ಲಿ ಅಷ್ಟು ಚೆನ್ನಾಗಿ ಕಾಣುವ ಚಿತ್ರ ಕಾಗದದ ಮೇಲೆ ಏಕೆ ಕೆಡುತ್ತದೆ? ಇದು ಸರಳವಾದ ಲೆಕ್ಕ. ಎಂಟು ಇಂಚು ಅಗಲದ ಒಂದು ಕರಪತ್ರದ ಚಿತ್ರದಲ್ಲಿ ಅಡ್ಡಲಾಗಿ 960 ಚುಕ್ಕೆಗಳಿವೆ ಎಂದುಕೊಳ್ಳೋಣ. ಇಂಚಿಗೆ ಬಿದ್ದದ್ದು 120 ಚುಕ್ಕೆ. ಸಾಧಾರಣ ಮುದ್ರಣಕ್ಕೆ ಬೇಕಾದದ್ದು ಇಂಚಿಗೆ 300; ಅಕ್ಷರ, ಗೆರೆಚಿತ್ರಗಳಿಗೆ 600 ಅಥವಾ ಅದಕ್ಕೂ ಹೆಚ್ಚು. ಅರ್ಧ ಮಿಲಿಮೀಟರ್ ಅಗಲದ ಒಂದು ಬೊಟ್ಟಿಗೆ 600ರ ಲೆಕ್ಕದಲ್ಲಿ ಸುಮಾರು 12 ಚುಕ್ಕೆ ಸಿಗುತ್ತದೆ. 120ರ ಲೆಕ್ಕದಲ್ಲಿ ಎರಡೂವರೆಯೂ ಸಿಗುವುದಿಲ್ಲ. ಅಷ್ಟರಲ್ಲಿ ದುಂಡನೆಯ ಬೊಟ್ಟನ್ನು ತೋರಿಸುವುದೆಂದರೆ ನಾಲ್ಕು ಇಟ್ಟಿಗೆಯಲ್ಲಿ ಗೋಲಗುಮ್ಮಟ ಕಟ್ಟಿದಂತೆಯೇ ಸರಿ.

ಸಾಲದ್ದಕ್ಕೆ, ಚಿತ್ರ ಬೇಗ ಹೋಗಲೆಂದು ಅದನ್ನು ಹಿಂಡಿ ಕಳುಹಿಸುವ ಪದ್ಧತಿ ಬೇರೆ. ಜೆಪೆಗ್ ಎಂಬ ವಿಧಾನದಲ್ಲಿ ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಡಲಾಗುತ್ತದೆ. ಮುಖ, ಆಕಾಶ, ಹೊಲಗದ್ದೆಗಳ ಚಿತ್ರಕ್ಕೆ ಇದರಿಂದ ಅಂಥ ನಷ್ಟವಿಲ್ಲ. ಆದರೆ ಬಿಳಿಯ ಮೇಲೆ ಕಪ್ಪಾಗಿ ನಿಂತ ಅಕ್ಷರದ ಅಂಚಿನಲ್ಲಿ ಬೂದುಬಣ್ಣದ ಮಂಜು ಕವಿಯುತ್ತದೆ. ಒಬ್ಬರಿಂದ ಒಬ್ಬರಿಗೆ ಐದಾರು ಕೈ ದಾಟುವಷ್ಟರಲ್ಲಿ ಗಣಪತಿಯ ಸೊಂಡಿಲಿಗೂ ಹೊಟ್ಟೆಗೂ ವ್ಯತ್ಯಾಸ ಉಳಿದಿರುವುದಿಲ್ಲ.

ಒಮ್ಮೆ ಅಚ್ಚಾದ ಫೋಟೊವನ್ನು ಮತ್ತೆ ಸ್ಕ್ಯಾನ್ ಮಾಡಿದಾಗ ಬರುವ ತೊಂದರೆಯೇ ಬೇರೆ. ಅಚ್ಚಿನ ಫೋಟೊ ಎಂದರೆ ದೊಡ್ಡ, ಸಣ್ಣ ಮಸಿಬೊಟ್ಟುಗಳ ಸಾಲು. ಸ್ಕ್ಯಾನರು ನೋಡುವುದೂ ಚುಕ್ಕೆಗಳ ಸಾಲಿನಲ್ಲೇ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ಸ್ವಲ್ಪ ಓರೆ ಮಾಡಿದರೆ, ಎರಡರಲ್ಲೂ ಇಲ್ಲದ ಅಲೆಅಲೆಯಾದ ಪಟ್ಟೆಗಳು ಮೂಡುತ್ತವಲ್ಲ? ಅದೇ ಪಟ್ಟೆ ಇಲ್ಲಿ ವರನ ಮುಖದ ಮೇಲೆ ಮೂಡುತ್ತದೆ!

<b>ಇದು ಯಾವ ಅಕ್ಷರ?</b>

ಚಿತ್ರದ ಕಥೆ ಹೀಗಾದರೆ, ಅಕ್ಷರದ್ದು ಇನ್ನೂ ಸ್ವಾರಸ್ಯ. ‘ಇದೇ ಥರ ಅಕ್ಷರ ಬೇಕು’ ಎಂದು ಗಿರಾಕಿ ಹಳೆಯ ಪತ್ರಿಕೆಯ ಮೇಲೆ ಬೆರಳಿಡುತ್ತಾನೆ. ಆ ಅಕ್ಷರದ ಕುಲಗೋತ್ರ ಪತ್ತೆ ಮಾಡಬೇಕಾದದ್ದು ಕಂಪ್ಯೂಟರಿನ ಮುಂದೆ ಕುಳಿತವರು. ಪಳಗಿದವರು ಮೊದಲು ನೋಡುವುದು ತಲೆಕಟ್ಟನ್ನು. ಅದು ಚಪ್ಪಟೆಯೋ, ಬಾಗಿದೆಯೋ, ಬಲತುದಿಯಲ್ಲಿ ಕೊಕ್ಕೆ ಇದೆಯೋ? ಬಳಿಕ ಕೊಂಬು ಎಲ್ಲಿ ಅಂಟಿದೆ, ಒತ್ತಕ್ಷರ ಎಷ್ಟು ಕೆಳಗಿಳಿದಿದೆ, ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂಬ ತಪಾಸಣೆ. ಹೀಗೆ ಹುಡುಕುವವರ ಮುಂದೆ ಈಗ ರಾಶಿ ರಾಶಿ ಅಕ್ಷರಗಳಿವೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್‌ಗಳ ಕಾಲದವು ಇವೆ. 1998ರಲ್ಲಿ ಬಂದ ‘ಬರಹ’ದವು, ಅದರ ನಂತರದ ‘ನುಡಿ’ಯವು ಇವೆ. ಬಿಟ್ಟಿಯಾಗಿ ಸಿಗುವ ಹೊಸ ಅಲಂಕಾರದ ಅಕ್ಷರಗಳೂ ಇವೆ. ಅವುಗಳಲ್ಲಿ ‘ಬಾಲೂ ತಮ್ಮ’ ಎಂಬುದು ಗುಂಡುಗುಂಡಾದ, ಮುದ್ದಾದ ಅಕ್ಷರ. ಅದೇ ಅಚ್ಚಿನ ತಮಿಳು ಅಕ್ಷರಕ್ಕೆ ‘ತಂಬಿ’, ತೆಲುಗಿಗೆ ‘ತಮ್ಮುಡು’, ಮಲಯಾಳಕ್ಕೆ ‘ಚೇಟ್ಟನ್’ ಎಂದು ಹೆಸರಿಟ್ಟಿರುವುದು ತಯಾರಿಸಿದವರ ರಸಿಕತೆಗೆ ಸಾಕ್ಷಿ.

ಹಳೆಯ ಫಾಂಟುಗಳಲ್ಲಿ ಒಂದು ಪೇಚು ಉಂಟು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪಟ್ಟಿ ಎಂಬ ಯೂನಿಕೋಡ್ 1991ರಲ್ಲಿಯೇ ಹೊರಬಂದು, ಅದರಲ್ಲಿ ಕನ್ನಡಕ್ಕೂ ಜಾಗ ಸಿಕ್ಕಿತ್ತು. ಆದರೆ ಪ್ರೆಸ್ಸುಗಳಲ್ಲಿ ಬಹುಕಾಲ ನಡೆದದ್ದು ಕಂಪನಿಗೊಂದು ಪಟ್ಟಿ. ಒಬ್ಬರು ‘ಕ’ ಇಟ್ಟ ಮನೆಯಲ್ಲಿ ಇನ್ನೊಬ್ಬರು ‘ಳ’ ಕೂಡಿಸಿರುತ್ತಾರೆ. ಆದ್ದರಿಂದ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಬಲ್ಲವರು ಪ್ರೆಸ್ಸಿಗೆ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಬರೀ ಗೆರೆಯ ಚಿತ್ರವಾಗಿ ಮಾರ್ಪಡಿಸಿಬಿಡುತ್ತಾರೆ. ಆಮೇಲೆ ತಿದ್ದಲು ಆಗದು, ಆದರೆ ಕೆಡುವುದೂ ಇಲ್ಲ.

ಇಷ್ಟೆಲ್ಲ ಹುಡುಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದು ಫಾಂಟು ಹೌದೇ? ಇದನ್ನು ತಿಳಿಯುವ ಉಪಾಯ ಶಾಲೆಯ ಮಕ್ಕಳಿಗೂ ಹೇಳಿಕೊಡುವಂಥದ್ದು. ಬರಹದಲ್ಲಿ ಎರಡು ಸಲ ಬಂದಿರುವ ಯಾವುದಾದರೂ ಅಕ್ಷರ ಹುಡುಕಿ, ಒಂದರ ಮೇಲೊಂದು ಇಟ್ಟು ನೋಡಬೇಕು. ಎರಡೂ ಒಂದೇ ಆಗಿದ್ದರೆ ಅದು ಅಚ್ಚಿನ ಅಕ್ಷರ. ಒಂದಿಷ್ಟು ಹೆಚ್ಚುಕಡಿಮೆ ಇದ್ದರೆ ಅದನ್ನು ಬರೆದದ್ದು ಮನುಷ್ಯನ ಕೈ. ಯಾವ ಕಂಪ್ಯೂಟರಿನಲ್ಲಿ ತಡಕಾಡಿದರೂ ಅದು ಸಿಗುವುದಿಲ್ಲ.

ಕನ್ನಡದ ಮುದ್ರಣಕ್ಕೆ ಈ ಕೈಬರಹದ ನಂಟು ಹಳೆಯದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟಾಗ ಅದರಲ್ಲಿ ಅಚ್ಚಿನ ಮೊಳೆಗಳೇ ಇರಲಿಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ತಂದರು. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲವೆಂಬ ತತ್ವದ ಮೇಲೆ ನಿಂತ ಈ ವಿದ್ಯೆಯಲ್ಲಿ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರಹ ಮೂಡಿಸಬೇಕು. ಕಲ್ಲನ್ನು ತೋಯಿಸಿ ಮಸಿ ಉರುಳೆ ಹಾಯಿಸಿದರೆ, ಒದ್ದೆ ಜಾಗ ಮಸಿಯನ್ನು ದೂರವಿಟ್ಟು, ಬರೆದ ಜಾಗ ಹಿಡಿದುಕೊಳ್ಳುತ್ತದೆ. ಪತ್ರಿಕೆ ಮೊಳೆಗಳಿಗೆ ತಿರುಗಿದ್ದು 1844ರಲ್ಲಿ ಬಳ್ಳಾರಿಗೆ ಹೋದ ಮೇಲೆ. ಮೊಳೆ ಜೋಡಿಸುವ ಕಾಲ ಬಂದ ಮೇಲೂ ಕೈಬರಹ ಸುಮ್ಮನೆ ಕೂರಲಿಲ್ಲ. ಅಲಂಕಾರದ ಶೀರ್ಷಿಕೆ ಬೇಕಾದಾಗ ಕಲಾವಿದರು ಬರೆದುಕೊಟ್ಟದ್ದನ್ನು ಸತುವಿನ ತಗಡಿನ ಮೇಲೆ ಫೋಟೊ ಇಳಿಸಿ, ಬೇಡದ ಭಾಗವನ್ನು ಆಮ್ಲದಿಂದ ತಿನ್ನಿಸಿ ‘ಬ್ಲಾಕು’ ಮಾಡುತ್ತಿದ್ದರು. ನಾಟಕದ ಕರಪತ್ರ, ಜಾತ್ರೆಯ ಆಮಂತ್ರಣ, ಸಿನಿಮಾ ಜಾಹೀರಾತುಗಳೆಲ್ಲ ಹೀಗೆ ಬಂದವು.

<b>ಮಠ ಹೋಗಿ ಮರ ಬಂತು</b>

ಅಂಥದೇ ಒಂದು ಕರಪತ್ರ ಹಿಡಿದು ಒಬ್ಬ ಯಜಮಾನರು ಒಂದು ಬೆಳಿಗ್ಗೆ ಈ ಮೆಟ್ಟಿಲು ಹತ್ತಿ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ತುಮಕೂರಿನ ಕಡೆಯವರು. ಅವರ ಊರಿನ ಮಠದಲ್ಲಿ ಹೊಸ ತೇರು ಕಟ್ಟಿಸಿ ಐವತ್ತು ವರ್ಷ. ತೇರಿನ ಮೊದಲ ಉತ್ಸವಕ್ಕೆ ಹಂಚಿದ ಕರಪತ್ರ ಅದು. ನಾಲ್ಕು ಮಡಿಕೆಯಾಗಿ, ಒಂದು ಕಡೆ ಎಣ್ಣೆ ಹಿಡಿದು, ಇನ್ನೊಂದು ಕಡೆ ಹುಳು ತಿಂದಿತ್ತು. ಮೇಲುಗಡೆ ತೇರಿನ ಚಿತ್ರದ ಕೆಳಗೆ ದೊಡ್ಡದಾಗಿ ‘ಶ್ರೀಮಠದ ರಥೋತ್ಸವ ಮತ್ತು ಜಾತ್ರಾ ಮಹೋತ್ಸವ’.

‘ಇದೇ ಅಕ್ಷರ ಆಗ್ಬೇಕು ತಾಯಿ. ನಮ್ಮೂರ ಡ್ರಾಯಿಂಗ್ ಮೇಷ್ಟ್ರು ಬರ್ದಿದ್ದು. ಈಗವರಿಲ್ಲ’ ಎಂದರು.

ಕಂಪ್ಯೂಟರಿನ ಮುಂದಿದ್ದ ಹೆಣ್ಣುಮಗಳಿಗೆ ಮೂವತ್ತೈದರ ಆಸುಪಾಸು. ‘ಕೂತ್ಕೊಳಿ ಯಜಮಾನ್ರೇ’ ಎಂದು ಸ್ಟೂಲು ಕೊಟ್ಟು ಕರಪತ್ರವನ್ನು ಸ್ಕ್ಯಾನರಿಗೆ ಹಾಕಿದರು. ತೆರೆಯ ಮೇಲೆ ಅಕ್ಷರಗಳ ಸುತ್ತ ಸಾಸಿವೆ ಚೆಲ್ಲಿದಂತೆ ಕರಿಚುಕ್ಕೆಗಳು: ದೂಳು, ಹುಳುವಿನ ತೂತು, ಹಳೆಯ ಅಚ್ಚಿನಿಂದ ಸಿಡಿದ ಮಸಿ. ಇಂಥ ಚುಕ್ಕೆಗಳನ್ನು ಒಂದೇ ಏಟಿಗೆ ಅಳಿಸುವ ಸಾಧನ ಕಂಪ್ಯೂಟರಿನಲ್ಲಿದೆ. ಇಷ್ಟಕ್ಕಿಂತ ಸಣ್ಣದಾದ, ಯಾವುದಕ್ಕೂ ಅಂಟಿಕೊಳ್ಳದ ಬೊಟ್ಟನ್ನೆಲ್ಲ ಕೊಳೆಯೆಂದು ತಿಳಿ ಎಂದು ಅಳತೆ ಹೇಳಿಬಿಟ್ಟರೆ ಸಾಕು. ಬಿಡುವಿಲ್ಲದ ದಿನ, ಹಾಗೆಯೇ ಮಾಡಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಗದ ಹಾಲಿನಂತೆ ಬೆಳ್ಳಗಾಯಿತು. ಮಾದರಿ ಪ್ರತಿ ತೆಗೆದು ಯಜಮಾನರ ಕೈಗಿತ್ತರು.

ಅವರು ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. ‘ಶ್ರೀಮರದ ರಧೋತ್ಸವ.’ ಮತ್ತೊಮ್ಮೆ ಓದಿದರು. ‘ತೇರು ಮರದ್ದೇ ತಾಯಿ, ಸುಳ್ಳಲ್ಲ. ಆದ್ರೆ ನಮ್ ಮಠ ಎಲ್ಲೋಯ್ತು?’

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಡೆದದ್ದು ಇಷ್ಟೆ: ‘ಠ’ದ ಹೊಟ್ಟೆಯಲ್ಲಿರುವ ಬೊಟ್ಟು ಅಳಿಸಿದರೆ ಉಳಿಯುವುದು ‘ರ’. ‘ಥ’ದ ಬೊಟ್ಟು ಹೋದರೆ ‘ಧ’. ಅದರ ಅಡಿಯ ಗೀಟೂ ಸವೆದರೆ ‘ದ’. ಬೊಟ್ಟು ಅಕ್ಷರದ ಗೆರೆಗೆ ಅಂಟಿಕೊಂಡಿರುವುದಿಲ್ಲ. ಗಾತ್ರದಲ್ಲಿ ಪಕ್ಕದ ಹುಳುವಿನ ತೂತಿನಷ್ಟೇ ಇರುತ್ತದೆ. ಅಳತೆಯನ್ನಷ್ಟೇ ಬಲ್ಲ ಆ ಸಾಧನಕ್ಕೆ ಎರಡೂ ಒಂದೇ.

ಕನ್ನಡ ಲಿಪಿಯ ತುಂಬ ಇಂಥ ಸೂಕ್ಷ್ಮಗಳಿವೆ. ‘ಪ’ದ ಹೊಟ್ಟೆ ಸೀಳಿದರೆ ‘ಷ’, ಅಡಿಯಲ್ಲಿ ಗೀಟೆಳೆದರೆ ‘ಫ’. ‘ಧನ’ದ ಗೀಟು ಹೋದರೆ ‘ದನ’. ಸಾಲ ತೀರಿಸಿದ ರಸೀದಿಯಲ್ಲಿ ‘ಧನ ಸಂದಿದೆ’ ಎಂದಿರುವುದು ‘ದನ ಸಂದಿದೆ’ ಎಂದಾದರೆ ಕೊಟ್ಟಿಗೆ ನೋಡಿಕೊಂಡು ಬರಬೇಕಾದೀತು. ಸೊನ್ನೆ ಅಳಿಸಿದರೆ ‘ಕಂಬಳಿ’ಯೇ ‘ಕಬಳಿ’. ಆದ್ದರಿಂದ ಕನ್ನಡದ ಚಿತ್ರವನ್ನು ತೊಳೆಯುವವರಿಗೆ ಕಂಪ್ಯೂಟರಿನ ವಿದ್ಯೆಗಿಂತ ಮೊದಲು ಓದು ಬರಬೇಕು. ಯಾವುದು ಕೊಳೆ, ಯಾವುದು ಅಕ್ಷರ ಎಂಬುದನ್ನು ಓದಿಯೇ ತಿಳಿಯಬೇಕು, ಅಳೆದು ತಿಳಿಯುವಂತಿಲ್ಲ.

<b>ಇಲ್ಲದ ಅಕ್ಷರ ಹುಟ್ಟಿಸುವುದು</b>

ಆ ಹೆಣ್ಣುಮಗಳು ಕೆಲಸವನ್ನು ಮೊದಲಿನಿಂದ ಶುರು ಮಾಡಿದರು. ಈ ಬಾರಿ ಸ್ಕ್ಯಾನರಿನ ಅಳತೆ ಇಂಚಿಗೆ 600. ಬರೀ ಕಪ್ಪು, ಬಿಳಿ ಎಂದು ತುಂಡರಿಸದೆ, ನಡುವಿನ ಬೂದು ಛಾಯೆಗಳೂ ಇರುವಂತೆ. ಎಣ್ಣೆಯ ಕಲೆಯ ಬೂದು ಬೇರೆ, ಮಸಿಯ ಬೂದು ಬೇರೆ ಎಂದು ಆಗ ಮಾತ್ರ ಕಾಣಿಸುತ್ತದೆ. ಚುಕ್ಕೆಗಳನ್ನು ಒಂದೊಂದಾಗಿ, ಅಕ್ಷರ ಓದಿಕೊಂಡು ಅಳಿಸುತ್ತ ಹೋದರು.

ನಡುವೆ ಫಾಂಟಿನ ಹುಡುಕಾಟವೂ ನಡೆಯಿತು. ‘ರಥೋತ್ಸವ’, ‘ಮಹೋತ್ಸವ’ ಎರಡರ ಕೊನೆಗೂ ‘ತ್ಸವ’ ಇದೆಯಲ್ಲ? ಅವೆರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ‘ವ’ದ ಬಾಗು ಕೂದಲೆಳೆಯಷ್ಟು ಬೇರೆ, ಒತ್ತಿನ ಇಳಿತ ಬೇರೆ. ಅಲ್ಲಿಗೆ ಹುಡುಕಾಟ ಮುಗಿಯಿತು. ಅದು ಮೇಷ್ಟರ ಕೈ.

ಇಂಥ ಹೊತ್ತಿನಲ್ಲಿ ಸುಲಭದ ದಾರಿ ಒಂದಿದೆ. ಹತ್ತಿರಹತ್ತಿರ ಹೋಲುವ ಫಾಂಟೊಂದನ್ನು ಕೂಡಿಸಿ ‘ಇದೂ ಅದೇ ಥರ ಇದೆ’ ಎಂದುಬಿಡುವುದು. ಹತ್ತರಲ್ಲಿ ಒಂಬತ್ತು ಜನಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾದರೂ, ಎರಡು ಸಾವಿರ ಕರಪತ್ರದ ಲೆಕ್ಕದಲ್ಲಿ ಕಾಗದಕ್ಕಿಷ್ಟು, ಅಚ್ಚಿಗಿಷ್ಟು ಎಂದು ಎಣಿಸಿ ಕೊಡುವವರು ಅಕ್ಷರ ತೊಳೆದ ಕೂಲಿ ಎಂದು ಬೇರೆಯಾಗಿ ಕೊಡುವುದಿಲ್ಲ. ಮೂರು ಗಂಟೆಯ ಕೆಲಸಕ್ಕೂ ಹತ್ತು ನಿಮಿಷದ ಕೆಲಸಕ್ಕೂ ಒಂದೇ ಬಿಲ್ಲು. ಪೇಟೆಯ ಬೀದಿಗಳಲ್ಲಿ ಕೈಬರಹದ ಬಗೆಬಗೆಯ ಅಕ್ಷರಗಳು ಕಡಿಮೆಯಾಗುತ್ತ, ಎಲ್ಲ ಊರಿನ ಜಾತ್ರೆಗೂ ಒಂದೇ ಮುಖದ ಆಮಂತ್ರಣ ಬರುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಸ್ಟೂಲಿನ ಮೇಲೆ ಕುಳಿತ ಯಜಮಾನರು ಏಳುವ ಹಾಗೆ ಕಾಣಲಿಲ್ಲ. ಹೆಣ್ಣುಮಗಳು ಸುಲಭದ ದಾರಿ ಹಿಡಿಯಲಿಲ್ಲ. ಅಕ್ಷರದ ಅಂಚಿನುದ್ದಕ್ಕೂ ಅಲ್ಲಲ್ಲಿ ಬಿಂದು ಇಟ್ಟು, ನಡುವಿನ ಗೆರೆಯನ್ನು ತಂತಿಯಂತೆ ಬಾಗಿಸುತ್ತ ಒಂದೊಂದೇ ಅಕ್ಷರವನ್ನು ಹೊಸದಾಗಿ ಎಳೆದರು. ಈ ಬಾಗುಗೆರೆಗಳಿಗೆ ಬೆಜಿಯೆ ವಕ್ರಗಳೆಂದು ಹೆಸರು. ಫ್ರಾನ್ಸಿನ ರೆನೊ ಕಾರು ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈ ರೂಪಿಸಲು ಬಳಸಿದ ಗಣಿತವಿದು. ಚುಕ್ಕೆಗಳ ಬದಲು ಸಮೀಕರಣಗಳಿಂದ ಆದ ಗೆರೆಯಾದ್ದರಿಂದ ಬೆರಳಗಲಕ್ಕೂ, ಬ್ಯಾನರಿನಗಲಕ್ಕೂ ಅಂಚು ಒಡೆಯದೆ ಹಿಗ್ಗುತ್ತದೆ.

ಆದರೆ ಹೊಸ ಕರಪತ್ರದಲ್ಲಿ ‘ಸುವರ್ಣ’ ಎಂಬ ಶಬ್ದವೂ ಬೇಕಿತ್ತು. ಮೇಷ್ಟರು ಅದನ್ನು ಬರೆದಿರಲಿಲ್ಲ! ‘ವ’ ಸಿಕ್ಕಿತು. ಕೊಂಬನ್ನು ‘ಮತ್ತು’ವಿನಿಂದ ತೆಗೆದುಕೊಂಡರು. ‘ಸ’ ಇದ್ದದ್ದು ‘ತ್ಸ’ದ ಒತ್ತಾಗಿ ಮಾತ್ರ, ಅದನ್ನು ಹಿಗ್ಗಿಸಿದರೆ ಗೆರೆಯೂ ದಪ್ಪವಾಗಿ ಕುಸ್ತಿಪಟುವಿನಂತೆ ಕಂಡಿತು. ಗೆರೆ ತೆಳುವು ಮಾಡಿ, ತಲೆಕಟ್ಟು ಕೂಡಿಸಬೇಕಾಯಿತು. ‘ಣ’ವಾಗಲಿ ಅರ್ಕಾವೊತ್ತಾಗಲಿ ಎಲ್ಲೂ ಇರಲಿಲ್ಲ. ಮೇಷ್ಟರು ಇದ್ದಿದ್ದರೆ ಹೇಗೆ ಬರೆಯುತ್ತಿದ್ದರು ಎಂದು ಉಳಿದ ಅಕ್ಷರಗಳ ಬಾಗು ನೋಡಿ ಊಹಿಸಬೇಕು. ಎರಡು ಸಲ ಬರೆದು ಅಳಿಸಿದ ಮೇಲೆ ಮೂರನೆಯದು ಜೊತೆಯವರ ಸಾಲಿನಲ್ಲಿ ಹೊಂದಿ ಕುಳಿತಿತು.

ಒಂದು ಅನುಮಾನ ಉಳಿಯಿತು. ‘ಠ’, ‘ಥ’ಗಳ ಬೊಟ್ಟು ದುಂಡಗಿರದೆ ಓರೆಯಾದ ಚೌಕದಂತೆ ಇತ್ತು. ಮಸಿ ಕದಡಿ ಹಾಗಾಯಿತೋ, ಬರೆದದ್ದೇ ಹಾಗೋ? ದುಂಡಗೆ ಮಾಡಬೇಕೆಂದು ಕೈ ಹೋಗಿತ್ತು. ‘ಮೇಷ್ಟ್ರು ಯಾವ ಪೆನ್ನಲ್ಲಿ ಬರೀತಿದ್ರು ಯಜಮಾನ್ರೇ?’ ಎಂದು ಕೇಳಿದರು.

‘ಪೆನ್ನೆಲ್ಲಿ ತಾಯಿ? ಬಿದಿರು ಕಡ್ಡಿ ಓರೆಯಾಗಿ ಕುಯ್ಕೊಂಡು ಮಸೀಲಿ ಅದ್ಕೊಂಡು ಬರ್ಯೋರು. ನಾವೆಲ್ಲ ಸುತ್ತ ಕೂತ್ಕೊಂಡು ನೋಡೋವ್ರು.’

ಓರೆಯಾಗಿ ಕೊಯ್ದ ಚಪ್ಪಟೆ ತುದಿಯನ್ನು ಕಾಗದಕ್ಕೆ ಒತ್ತಿ ಒಂದಿಷ್ಟೇ ಎಳೆದರೆ ಮೂಡುವುದು ಅಂಥದೇ ಬೊಟ್ಟು. ಅದನ್ನು ಇದ್ದ ಹಾಗೆಯೇ ಉಳಿಸಿದರು.

<b>ಜಾಲರಿಯ ಮೇಲೆ</b>

ಮುಂದಿನ ಕೆಲಸ ಕೆಳಗಿನ ಮಹಡಿಯದು. ಪಾರದರ್ಶಕ ಹಾಳೆಯ ಮೇಲೆ ಕಪ್ಪಾಗಿ ಇಳಿದ ಅಕ್ಷರವನ್ನು, ಬೆಳಕಿಗೆ ಗಟ್ಟಿಯಾಗುವ ದ್ರಾವಣ ಸವರಿದ ತೆಳುಬಟ್ಟೆಯ ಜಾಲರಿಗೆ ಒತ್ತಿ ಬೆಳಕು ಬಿಡುತ್ತಾರೆ. ಕಪ್ಪಿನ ನೆರಳು ಬಿದ್ದ ಕಡೆ ದ್ರಾವಣ ಗಟ್ಟಿಯಾಗದೆ ನೀರಿಗೆ ತೊಳೆದುಹೋಗುತ್ತದೆ. ಆ ಕಂಡಿಯಿಂದ ಮಸಿ ಇಳಿಯುತ್ತದೆ. ರಬ್ಬರ್ ಪಟ್ಟಿಯನ್ನು ಒಮ್ಮೆ ಎಳೆದರೆ ಒಂದು ಪ್ರತಿ. ಬೆಳಕು ಯಾರ ಮುಲಾಜೂ ನೋಡುವುದಿಲ್ಲ. ಹಾಳೆಯಲ್ಲಿ ಕೊಳೆ ಉಳಿದಿದ್ದರೆ ಎರಡು ಸಾವಿರ ಪ್ರತಿಯಲ್ಲೂ ಕೊಳೆ. ಬೊಟ್ಟು ಅಳಿಸಿದ್ದರೆ ಎರಡು ಸಾವಿರ ಮನೆಗೂ ‘ಮರ’ವೇ ಹೋಗುತ್ತದೆ.

ಈ ಪೇಟೆಗೆ ಬರುವವರು ಕೆಲವು ಮಾತು ನೆನಪಿಡುವುದು ಒಳ್ಳೆಯದು. ಫೋಟೊಕ್ಕಿಂತ ಮೂಲ ಕಾಗದವನ್ನೇ ತರಬೇಕು. ಮಡಿಸದೆ, ಎರಡು ರಟ್ಟಿನ ನಡುವೆ ಇಟ್ಟು ತಂದರೆ ಇನ್ನೂ ವಾಸಿ. ಮೊಬೈಲಿನಲ್ಲೇ ಕಳಿಸಬೇಕಾದರೆ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಿಂಡಿಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಾದರಿ ಪ್ರತಿಯನ್ನು ಬರೀ ನೋಡಿದರೆ ಸಾಲದು, ಗಟ್ಟಿಯಾಗಿ ಓದಬೇಕು. ಕಣ್ಣು ಮಠವನ್ನು ನೆನೆದುಕೊಂಡು ಮರವನ್ನು ದಾಟಿಬಿಡುತ್ತದೆ. ನಾಲಿಗೆ ಅಷ್ಟು ಸುಲಭವಾಗಿ ದಾಟುವುದಿಲ್ಲ.

ಸಂಜೆ ಹೊಸ ಮಾದರಿ ಪ್ರತಿ ಬಂತು. ಯಜಮಾನರು ಮತ್ತೆ ಬೆರಳಿಟ್ಟು ಓದಿದರು. ‘ಶ್ರೀಮಠದ ರಥೋತ್ಸವ.’ ಬೆರಳು ‘ಸುವರ್ಣ’ದ ಮೇಲೆ ಸ್ವಲ್ಪ ಹೊತ್ತು ನಿಂತಿತು. ‘ಇದು ಮೇಷ್ಟ್ರು ಬರ್ದಿದ್ದಲ್ಲ ಅಲ್ವಾ ತಾಯಿ?’ ಎಂದರು. ಅಲ್ಲವೆಂದು ಆಕೆ ಒಪ್ಪಿಕೊಂಡರು. ‘ಇರ್ಲಿ, ಅವರ ಮಕ್ಕಳ ಕೈ ಇದ್ದಂಗಿದೆ’ ಎಂದು ಮುಂಗಡದ ದುಡ್ಡು ಎಣಿಸಿಟ್ಟರು.

ಹಳೆಯ ಕರಪತ್ರವನ್ನು ಸ್ಕ್ಯಾನರಿನ ಮೇಲೆಯೇ ಬಿಟ್ಟು ಮೆಟ್ಟಿಲ ಕಡೆ ನಡೆದಿದ್ದರು. ಹೆಣ್ಣುಮಗಳು ಕರೆದು ನಿಲ್ಲಿಸಿ, ಅದನ್ನು ಎರಡು ಲಗ್ನಪತ್ರಿಕೆಯ ರಟ್ಟುಗಳ ನಡುವೆ ಇಟ್ಟು ದಾರ ಸುತ್ತಿ ಕೊಟ್ಟರು. ‘ಹೊಸದು ಬಂತು ಅಂತ ಇದನ್ನ ಎಸೀಬೇಡಿ ಯಜಮಾನ್ರೇ. ನೂರನೇ ವರ್ಷಕ್ಕೆ ಬರೋರು ಇದನ್ನೇ ತರ್ಲಿ.’